ವಾಸಿಯಾದವರ ಸೋಮವಾರ

"ವಾಸಿಯಾದೋರ್ಗೆ ಮಾತ್ರ ಮೈಕು," ಎಂದು ಬಿಳಿಗಿರಿ ಮೈಕನ್ನು ಎದೆಗವಚಿಕೊಂಡ. "ಸತ್ತೋರ ಇಚಾರ ಇಲ್ಯಾಕಣ್ಣ? ಜನ ಎದ್ರುಕೊಳ್ತಾರೆ. ಓಗು, ಊಟ ಮಾಡ್ಕಂಡು ಓಗು."

ಹನೂರಿನಿಂದ ಮಾರ್ಟಳ್ಳಿಗೆ ಹೋಗುವ ದಾರಿಯಲ್ಲಿ ನಾಟಿ ಔಷಧಿ ಪಂಡಿತರ ಅಂಗಳ. ಅವರ ಪುಡಿ ತಿಂದು ಗುಣವಾದವರು ಸೋಮವಾರ ತೆಂಗಿನಕಾಯಿ ಹಿಡಿದು ಬರುತ್ತಾರೆ, ಮೈಕಿನಲ್ಲಿ ತಮ್ಮ ಕಥೆ ಹೇಳುತ್ತಾರೆ. ಕೇಳಿದ ಹೊಸ ರೋಗಿಗಳು ಕೈಮುಗಿದು ಸಾಲಿನಲ್ಲಿ ನಿಲ್ಲುತ್ತಾರೆ. ಬಿಳಿಗಿರಿ ಮೈಕು ನೋಡಿಕೊಳ್ಳುವವನು. ರಂಗರಾಜು ಇವತ್ತು ಬಂದದ್ದು ಹೆಂಡತಿ ಶಿವನಂಜಮ್ಮ ಸತ್ತ ಸುದ್ದಿಯನ್ನು ಅದೇ ಮೈಕಿನಲ್ಲಿ ಹೇಳಲು. ಅವಳ ತಿಥಿ ಮುಗಿದು ನಾಲ್ಕು ದಿನವಾಗಿತ್ತು.

ಅವನೇನು ದಡ್ಡನೇ? ಕೊಳ್ಳೇಗಾಲದಲ್ಲಿ ಇಪ್ಪತ್ತು ವರ್ಷದಿಂದ ರೇಷ್ಮೆ ನೂಲು ತೆಗೆಸುವವನು. ಗೂಡಿನ ಮಾರ್ಕೆಟ್ಟಿನಲ್ಲಿ ಮೇಲೆ ಹರಡಿದ ಬಿಳಿ ಗೂಡು ನೋಡಿ ಒಂದು ದಿನವೂ ಹರಾಜು ಕೂಗಿದವನಲ್ಲ. ರಾಶಿಗೆ ಮೊಣಕೈವರೆಗೂ ಕೈ ತೂರಿಸಿ, ತಳದಿಂದ ಒಂದು ಹಿಡಿ ತೆಗೆದು, ಕಿವಿಯ ಹತ್ತಿರ ಅಲ್ಲಾಡಿಸಿಯೇ ಬಾಯಿ ಬಿಡುತ್ತಿದ್ದ. ಅಂಥವನು ಈ ಅಂಗಳದಲ್ಲಿ ಮೇಲೆ ಕಂಡ, ಮೈಕು ಹಿಡಿದ ನಲವತ್ತು ಮಂದಿಯನ್ನು ನೋಡಿ ತಲೆದೂಗಿಬಿಟ್ಟ. ಹಾಳು ಬುದ್ಧಿ! ಶಿವನಂಜಮ್ಮ ಸಕ್ಕರೆ ಕಾಯಿಲೆಯ ಸೂಜಿ ಬಿಟ್ಟು ಪುಡಿ ತಿಂದಳು. ಮೂರನೇ ವಾರಕ್ಕೆ ಅಂಗಾಲಿನ ಉರಿ ಮಾಯವಾಯಿತು. ಅದು ಗುಣವಾದದ್ದಲ್ಲ, ಕಾಲಿಗೆ ಅರಿವೇ ಸತ್ತದ್ದು ಎಂದು ಆಸ್ಪತ್ರೆಯಲ್ಲಿ ಡಾಕ್ಟರು ಹೇಳುವ ಹೊತ್ತಿಗೆ, ಅವಳಿಗೇ ತಿಳಿಯದೆ ಚುಚ್ಚಿದ ಮುಳ್ಳು ಕೀವಾಗಿ ಮೊಣಕಾಲು ದಾಟಿತ್ತು.

ಮೈಕು ಕೊಡದಿದ್ದರೆ ಬೇಡ, ಬಾಯಿದೆಯಲ್ಲ. ಸಾಲಿನ ಕೊನೆಯಲ್ಲಿ ಒಬ್ಬ ಹೆಂಗಸು ಎಂಟು ವರ್ಷದ ಮಗಳನ್ನು ಒರಗಿಸಿಕೊಂಡು ನಿಂತಿದ್ದಳು. ಹೆಸರು ರಾಣಿಯಂತೆ, ಒಡೆಯರಪಾಳ್ಯದ ಕಡೆಯವಳು. ಮಗುವಿನ ತೋಳ ತುಂಬ ಸೂಜಿಯ ಗುರುತು.

"ಕೂಸ್ಗೆ ಸಕ್ಕರೆ ಕಾಯ್ಲೇನವ್ವ?"

"ಊಂ ಅಣ್ಣ. ದಿನಾ ನಾಕ್ ಸೂಜಿ. ಸೂಜಿ ಕಂಡ್ರೆ ಮಂಚದ ಕೆಳಿಕ್ಕೆ ಓಯ್ತಳೆ. ಇವತ್ತಿಂದ ಸೂಜಿ ಬುಟ್ಬುಡಿ ಅಂತ ಫೋನ್ನಲ್ಲೇ ಅಂದವ್ರೆ ಪಂಡಿತರು."

"ಬುಡಬ್ಯಾಡ ಕಣವ್ವ, ನಿನ್ ಕಾಲ್ಗೆ ಬೀಳ್ತೀನಿ! ನನ್ನೆಂಡ್ರು ಬುಟ್ಟೇ ಸತ್ತಿದ್ದು. ಕೂಸ್ಗಳು ನಾಕ್ ದಿನಾನೂ ತಡಿಯಲ್ಲ ಅಂದ್ರು ಡಾಕ್ಟ್ರು."

"ಇಷ್ಟ್ ಜನ ವಾಸಿಯಾಗವ್ರಲ್ಲಣ್ಣ?"

"ವಾಸಿಯಾಗ್ದೆ ಇದ್ದೋರು ಕಾಯಿ ತಕಂಡು ಇಲ್ಲಿಗ್ಯಾಕವ್ವ ಬಂದಾರು? ಅವ್ರನ್ನ ಯಾರ್ ಎಣ್ಸವ್ರೆ?"

ರಾಣಿ ಅವನ ಮುಖವನ್ನೇ ದಿಟ್ಟಿಸಿದಳು. "ಅಯ್ಯ, ನೀವಾ!" ಎಂದು ಬ್ಯಾಗಿನಿಂದ ಮೊಬೈಲು ತೆಗೆದು ಒಂದು ವಿಡಿಯೊ ಹಾಕಿ ಅವನ ಮುಂದೆ ಹಿಡಿದಳು. ಅದರಲ್ಲಿ ಇದೇ ಅಂಗಳ, ಮೈಕು ಹಿಡಿದ ರಂಗರಾಜು, ಪಕ್ಕದಲ್ಲಿ ಹೂ ಮುಡಿದ ಶಿವನಂಜಮ್ಮ. ಉರಿ ನಿಂತ ಹಿಗ್ಗಿನಲ್ಲಿ ಆ ಸೋಮವಾರ ಇಬ್ಬರೂ ಕಾಯಿ ಹಿಡಿದು ಬಂದಿದ್ದರು. ಶಿವನಂಜಮ್ಮ ಬರಿಗಾಲನ್ನು ದಬದಬ ಕಲ್ಲಿಗೆ ಬಡಿದು ನಗುತ್ತಿದ್ದಳು: "ನೋಡಿ, ಒಂಚೂರೂ ನೋಯಾಕಿಲ್ಲ!"

"ಇದ್ನ ನೋಡೇ ನಾವ್ ಬಂದಿದ್ದು ಅಣ್ಣ."

ರಂಗರಾಜು ಮೊಬೈಲಿಗೆ ಕೈ ಅಡ್ಡ ಹಿಡಿದ. "ಅದ್ನ ನಂಬಬ್ಯಾಡ ಕಣವ್ವ, ಅದ್ನ ನಂಬಬ್ಯಾಡ..."

"ಸಂಕಟಕ್ಕೆ ಏನೋ ಅಂತೀರ, ಪಾಪ." ರಾಣಿ ಮೆತ್ತಗೆ ಹೇಳಿ ಮೊಬೈಲನ್ನು ಇನ್ನೂ ಹತ್ತಿರ ತಂದಳು. "ಅಕ್ಕನ ಮೊಕ ನೋಡಿ. ನೀವೇ ಯೋಳಿ, ಇವ್ರು ಸುಳ್ಳು ಯೋಳ್ತಾ ಅವ್ರಾ?"

ಹದಿನೇಳು ವರ್ಷ ಬಾಳಿದ ಹೆಂಡತಿ. ಅವಳ ಬಾಯಲ್ಲಿ ಒಂದು ದಿನವೂ ಸುಳ್ಳು ಕೇಳಿದವನಲ್ಲ.

"ಇಲ್ಲ," ಎಂದುಬಿಟ್ಟ ರಂಗರಾಜು.

ರಾಣಿಗೆ ಅಷ್ಟು ಸಾಕಾಯಿತು. ಮಗಳ ಕೈ ಹಿಡಿದು ಸಾಲಿನಲ್ಲಿ ಮುಂದಕ್ಕೆ ಸರಿದಳು.