ಕಿಡ್ನಿ ಸಮಿತಿಯ ಮುಂದೆ

ಅಪ್ಪನಿಗೆ ಹೊಂದುವ ಕಿಡ್ನಿ ಮನೆಯಲ್ಲಿ ಯಾರದೂ ಇರಲಿಲ್ಲ. ಅಣ್ಣನಿಗೆ ಸಕ್ಕರೆ ಕಾಯಿಲೆ, ಅವ್ವನ ರಕ್ತದ ಗುಂಪು ಬೇರೆ. ಗಂಡಾಗಿ ಹುಟ್ಟಿ ಸೀರೆ ಉಟ್ಟೆನೆಂದು ವರ್ಷಗಳ ಹಿಂದೆ ನನ್ನನ್ನು ಹೊರಗೆ ಹಾಕಿದ್ದ ಮನೆಯಿಂದ ಫೋನ್ ಬಂತು. ಹೋದೆ. ರಕ್ತ ಕೊಟ್ಟೆ. ಅಂಗಾಂಶವೂ ಹೊಂದಿತು.

ಕೊಡುವವರು ಸ್ವಂತ ಮಕ್ಕಳೇ ಎಂದು ಆಸ್ಪತ್ರೆಯ ಸಮಿತಿ ಖಾತ್ರಿ ಮಾಡಿಕೊಳ್ಳಬೇಕಿತ್ತು. ಹೊರಗೆ ಬೆಂಚಿನ ಮೇಲೆ ಅಣ್ಣ ಅವ್ವನಿಗೆ ಹೇಳಿಕೊಡುತ್ತಿದ್ದ.

"ಒಳಗ ಮಗ ಅನ್ನಬ್ಯಾಡ. ಆಧಾರ್ ಕಾರ್ಡಿನ್ಯಾಗ ಈಗ ಹೆಣ್ಣು ಅಂತ ಐತಿ. ಮಗಳು ಅನ್ನು."

"ನಾಲಿಗಿ ಹೊಳ್ಳವಲ್ದಪಾ."

"ಅಪ್ಪ ಉಳೀಬೇಕೋ ಬ್ಯಾಡೋ?"

ಅವ್ವ ತುಟಿ ಅಲ್ಲಾಡಿಸುತ್ತ ಆ ಪದವನ್ನು ರೂಢಿ ಮಾಡಿಕೊಳ್ಳತೊಡಗಿದಳು. ಅಣ್ಣ ನನ್ನ ಕಡೆ ತಿರುಗಿದ.

"ನೀನೂ ಸೆರಗ ಸರಿ ಮಾಡ್ಕೊ. ಹೆಣ್ಮಗಳಂಗ ಕಾಣಬೇಕು."

ನನ್ನ ಮೊದಲ ಸೀರೆಗೆ ಬೆಂಕಿ ಹಚ್ಚಿದವನು ಅವನೇ. ನಾನು ಸೆರಗು ಸರಿ ಮಾಡಿಕೊಂಡೆ.

ಒಳಗೆ ಮೂವರು ಡಾಕ್ಟರರು ಕುಳಿತಿದ್ದರು. ಅವರಲ್ಲಿ ಹಿರಿಯರು ನನ್ನನ್ನು ತೋರಿಸಿ ಅವ್ವನನ್ನು ಕೇಳಿದರು.

"ಇವರು ನಿಮಗ ಏನಾಗಬೇಕ್ರಿ?"

"ಮಗಳ್ರೀ," ಎಂದಳು ಅವ್ವ. ಮತ್ತೆ, "ನನ್ನ ಹೊಟ್ಟ್ಯಾಗ ಹುಟ್ಟಿದ ಮಗಳು," ಎಂದಳು.

ಎರಡನೆಯ ಮಾತು ಅಣ್ಣ ಹೇಳಿಕೊಟ್ಟದ್ದಲ್ಲ. ಎಷ್ಟೋ ವರ್ಷ ಕಾದಿದ್ದ ಮಾತು ಕಿವಿಗೆ ಬಿದ್ದರೂ ನನಗೆ ಏನೂ ಅನ್ನಿಸಲಿಲ್ಲ. ಅನ್ನಿಸಲು ಸ್ವಲ್ಪ ಹೊತ್ತು ಬೇಕಾಗಬಹುದು ಅಂದುಕೊಂಡೆ.

ಡಾಕ್ಟರು ಬರೆದುಕೊಂಡರು. "ಮಗಳ ಹೆಸರೇನ್ರಿ?"

ಅವ್ವ ನನ್ನ ಮುಖ ನೋಡಿ ಕೇಳಿದಳು.

"ನಿನ್ನ ಹೆಸರೇನವ್ವಾ?"