ಎಡ ತಿರುವಿನ ಸದ್ದು

ಗ್ಯಾರೇಜಿನ ಅಂಗಳದಲ್ಲಿ ಗಂಡ ಸ್ಟೀರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿದ. ಟಕ್, ಟಕ್, ಟಕ್. ಪಕ್ಕದ ಸೀಟಿನಲ್ಲಿ ಅವಳು ಉಸಿರು ಬಿಗಿಹಿಡಿದಳು. ವಾರಗಟ್ಟಲೆಯಿಂದ ಅವಳು ಹೇಳುತ್ತಿದ್ದುದು ಇದನ್ನೇ. ಪ್ರತಿ ಸಲವೂ ಅವನದು ಒಂದೇ ಮಾತು: "ನಿನ್ನ ಕಿವೀಲಿ ಹುಳ ಹೊಕ್ಕಿದೆ ಕಣೇ."

ಮೆಕ್ಯಾನಿಕ್ ಕೈ ಎತ್ತಿ ಕಾರು ನಿಲ್ಲಿಸಿ, ಮುಂದಿನ ಚಕ್ರದ ಹಿಂದೆ ಬಗ್ಗಿ ನೋಡಿದ. "ಅಕ್ಕ ಹೇಳಿದ್ದೇ ಸರಿ ಸಾರ್! ರಬ್ಬರ್ ಕವರ್ ಹರಿದು ಗ್ರೀಸೆಲ್ಲ ಸೋರಿದೆ, ಒಳಗಿನ ಜಾಯಿಂಟ್ ಸವೆದುಹೋಗಿದೆ. ನಡುರಸ್ತೇಲಿ ಕೈಕೊಡ್ತಿತ್ತು. ಬೀದಿಗೆಲ್ಲ ಕೇಳೋ ಸದ್ದು, ನಿಮಗೆ ಕೇಳಿಸ್ಲಿಲ್ವಾ?"

"ಈಗೇನಂತೀರಿ?" ಗೆದ್ದ ಹುರುಪಿನಲ್ಲಿ ಅವಳು ಗಂಡನತ್ತ ತಿರುಗಿದಳು. ಆ ಮುಖದಲ್ಲಿ ಸೋತ ಸಿಟ್ಟಿರಲಿಲ್ಲ, ಭಯವಿತ್ತು. "ಈಗಲೂ ಬಂತಾ ಸದ್ದು?" ಎಂದ. ಎಷ್ಟು ಕರೆದರೂ ಅವನು ಓಗೊಡದ್ದು, ಟಿವಿಯ ದನಿ ದಿನದಿನಕ್ಕೂ ಏರಿದ್ದು, ಅದಕ್ಕಾಗಿ ತಾನು ಜಗಳವಾಡಿದ್ದು, ಎಲ್ಲವೂ ಒಟ್ಟಿಗೆ ಅವಳಿಗೆ ನೆನಪಾದವು.

ಸಂಜೆ, ಹೊಸ ಜಾಯಿಂಟ್ ಹಾಕಿದ ಮೇಲೆ, ಅವನು ಮತ್ತೆ ಎಡಕ್ಕೆ ತಿರುಗಿಸಿ ಒಂದು ಸುತ್ತು ಹಾಕಿದ. "ಹೇಗಿದೆ ಸಾರ್?" ಮೆಕ್ಯಾನಿಕ್ ಹೊರಗಿನಿಂದ ಕೂಗಿದ. ಗಂಡ ಅವಳ ಮುಖವನ್ನೇ ನೋಡಿದ. ಅವಳು ಅವನ ಕಿವಿಯ ಹತ್ತಿರಕ್ಕೆ ಬಾಗಿದಳು.

"ಸದ್ದು ಹೋಯ್ತು ರೀ," ಎಂದಳು, ಅವನಿಗೆ ಕೇಳುವಷ್ಟು ಜೋರಾಗಿ.