ಏಳನೇ ಬುಟ್ಟಿಗೆ ಸಾಕ್ಷಿ

ತೈಸ್ತೊ ಎಸೆದ ಪ್ಲಾಸ್ಟಿಕ್ ತಟ್ಟೆ ಎರಡು ಬರ್ಚ್ ಮರಗಳ ನಡುವೆ ನುಗ್ಗಿ, ಗಾಳಿಯಲ್ಲಿ ಒಂದು ಗಳಿಗೆ ಯೋಚಿಸುವಂತೆ ನಿಂತು, ಎಡಕ್ಕೆ ವಾಲಿ, ಏಳನೇ ಬುಟ್ಟಿಯ ಸರಪಳಿಗಳಿಗೆ ಬಡಿಯಿತು. ಸರಪಳಿ ಝಲ್ಲೆಂದಿತು. ತಟ್ಟೆ ಬುಟ್ಟಿಯೊಳಗೇ ಕೂತಿತು. ಒಂದೇ ಎಸೆತ. ಕಂಬದ ಬುಟ್ಟಿಗಳಿಗೆ ಆದಷ್ಟು ಕಡಿಮೆ ಎಸೆತದಲ್ಲಿ ತಟ್ಟೆ ಬೀಳಿಸುವ ಈ ಡಿಸ್ಕ್ ಗಾಲ್ಫನ್ನು ಹದಿಮೂರು ವರ್ಷ ಆಡಿದ ತೈಸ್ತೊಗೆ ಇಂಥದ್ದು ಇದೇ ಮೊದಲು. ಅದೂ ತಾನೇ ಅಳೆದು, ತಾನೇ ನಕ್ಷೆ ಬರೆದು ಮಾಡಿಸಿದ ಪಾರ್ಕಿನಲ್ಲಿ. ಕೈ ಮೇಲೆತ್ತಿ ಹಿಂತಿರುಗಿದ. ಹಿಂದೆ ಯಾರೂ ಇರಲಿಲ್ಲ. ಬೆಳಗಿನ ಆರು ಗಂಟೆ. ಫಿನ್ಲೆಂಡಿನ ಜುಲೈ ಬಿಸಿಲು ಎದ್ದು ಎಷ್ಟೋ ಹೊತ್ತಾಗಿತ್ತು, ಊರು ಮಾತ್ರ ಮಲಗಿತ್ತು.

ಯಾರೂ ಕಾಣದ ಎಸೆತ ಎಸೆತವಲ್ಲ. ಕ್ಲಬ್ಬಿನ ಗೋಡೆಯ ಮೇಲೆ ಹೆಸರು ಏರಬೇಕಾದರೆ, ಕಂಡವರು ಅದೇ ತಟ್ಟೆಯ ಮೇಲೆ ರುಜು ಹಾಕಬೇಕು. ತೈಸ್ತೊ ಸುತ್ತ ಕಣ್ಣು ಹಾಯಿಸಿದ. ಬಲಗಡೆ ಬೇಲಿಯಾಚೆ, ಹೂಬಿಟ್ಟ ಆಲೂಗಡ್ಡೆ ಸಾಲಿನ ನಡುವೆ, ಹಿಲ್ಕಾ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಅವಳೇ ಆಗಬೇಕೇ. ತಟ್ಟೆ ಬಡಿದು ಗಿಡ ಬೆಳೆಸುವ ಗಾಜಿನ ಮನೆಯ ಗಾಜು ಒಡೆದಿದೆ, ಏಳನೇ ಬುಟ್ಟಿ ಕಿತ್ತುಹಾಕಿಸಿ ಎಂದು ಪುರಸಭೆಗೆ ದೂರು ಕೊಟ್ಟವಳು. ಗುರುವಾರ ಅದರ ವಿಚಾರಣೆಯಿತ್ತು.

ಬುಟ್ಟಿಯಿಂದ ತಟ್ಟೆ ತೆಗೆದುಕೊಂಡು ಬೇಲಿಯವರೆಗೆ ಹೋಗಲು ಅವನಿಗೆ ಸಾಕಷ್ಟು ಹೊತ್ತು ಹಿಡಿಯಿತು.

"ಈಗ ಬಿದ್ದದ್ದು ನೋಡಿದ್ರಾ?"

"ಕಣ್ಣಿದಾವಲ್ಲ, ಕಾಣಿಸ್ತು. ನೀವು ಯಾವಾಗ್ಲೂ ಕೈಯಿಂದ ತಟ್ಟೆ ಒಂಚೂರು ತಡವಾಗಿ ಬಿಡ್ತೀರಿ. ಇವತ್ತು ಸರಿಯಾಗಿ ಬಿಟ್ರಿ."

ಹದಿಮೂರು ವರ್ಷದಲ್ಲಿ ಕ್ಲಬ್ಬಿನ ಒಬ್ಬರೂ ಅವನಿಗೆ ಇದನ್ನು ಹೇಳಿರಲಿಲ್ಲ. ತೈಸ್ತೊ ತಟ್ಟೆಯನ್ನೂ ಪೆನ್ನನ್ನೂ ಬೇಲಿಯ ಮೇಲಿಂದ ಚಾಚಿದ. "ಸಾಕ್ಷಿ ಅಂತ ಒಂದು ರುಜು ಬೇಕಿತ್ತು."

"ನನ್ನ ಸಾಕ್ಷಿ ನಡೆಯತ್ತಾ, ಸರ್ವೆಯರ್ ಸಾಹೇಬ್ರೆ? ಆ ಅಮ್ಮನ ಮಾತು ನಂಬಬೇಡಿ ಅಂತ ಪುರಸಭೆಗೆ ಎರಡು ಪುಟ ಬರೆದೋರು ನೀವೇ ಅಲ್ವಾ?"

"ಹಾಗೆ ಬರೀಲಿಲ್ಲ. ಅಲ್ಲಿಂದ ಎಸೆದ ತಟ್ಟೆ ನಿಮ್ಮ ತೋಟಕ್ಕೆ ಬರೋದು ಸಾಧ್ಯವೇ ಇಲ್ಲ, ಗಾಜು ಒಡೆದದ್ದು ಯಾವುದೋ ಒಂದು ಸಲದ ಆಕಸ್ಮಿಕ ಅಂತ ಬರೆದೆ. ಅಳತೆ ಸಮೇತ."

"ನಿಲ್ಲಿ ಅಲ್ಲೇ."

ಹಿಲ್ಕಾ ಗಾಜಿನ ಮನೆಗೆ ಹೋಗಿ ಒಂದು ಬಕೆಟ್ಟು ತಂದು, ಅವನ ಕಾಲಬುಡಕ್ಕೆ ಬೋರಲು ಹಾಕಿದಳು. ಕೆಂಪು, ಹಳದಿ, ನೀಲಿ ತಟ್ಟೆಗಳು ಹುಲ್ಲಿನ ಮೇಲೆ ಉರುಳಿದವು. "ಗುರುವಾರ ಅವರ ಮೇಜಿನ ಮೇಲೆ ಸುರಿಯೋಣ ಅಂತಿದ್ದೆ."

ತೈಸ್ತೊ ಮಂಡಿಯೂರಿ ಒಂದೊಂದನ್ನೇ ಮಗುಚಿದ. ಕಳೆದರೆ ಸಿಕ್ಕವರು ಫೋನ್ ಮಾಡಲಿ ಎಂದು ಹೆಚ್ಚುಕಡಿಮೆ ಎಲ್ಲರೂ ತಟ್ಟೆಯ ತಳದಲ್ಲಿ ಹೆಸರು, ನಂಬರು ಬರೆದಿದ್ದರು. ಎಲ್ಲ ಗೊತ್ತಿದ್ದವರೇ. ಪಾರ್ಕಿನ ಪಕ್ಕದ ಕೆರೆಗೆ ಬಿತ್ತು ಎಂದು ಅವನಿಗೆ ಹೇಳಿದ್ದವರು. ಮೂರು ಅವನವೇ. ಭಾನುವಾರದ ಪಂದ್ಯಗಳಲ್ಲಿ ಕಳೆದವು. ತುರಿಕೆ ಗಿಡಗಳ ನಡುವೆ ಬಿದ್ದಿರಬೇಕು ಎಂದುಕೊಂಡಿದ್ದ. ಬೇಲಿಯ ಕಡೆ ಒಮ್ಮೆಯೂ ಹುಡುಕಿರಲಿಲ್ಲ. ಹೆಸರುಗಳ ಪಕ್ಕದಲ್ಲಿ ಹಿಲ್ಕಾಳ ದುಂಡು ಅಕ್ಷರ: ತಾರೀಕು, ಹೊತ್ತು, ಬಿದ್ದ ಸಾಲು. ಮಧ್ಯಾಹ್ನ ಎರಡು. ಮೂರೂವರೆ. ಮತ್ತೆ ಎರಡು.

"ಎಲ್ಲ ಮಧ್ಯಾಹ್ನದವು," ಎಂದ.

"ಕೆರೆ ಗಾಳಿ ಏಳೋದು ಆವಾಗಲೇ. ನೀವು ಅಳೆದದ್ದು ಯಾವಾಗ?"

ಅವನು ಅಳೆದದ್ದು ಬೆಳಿಗ್ಗೆ. ಒಂದು ಎಲೆಯೂ ಅಲುಗದ ಹೊತ್ತಿನಲ್ಲಿ, ಹನ್ನೊಂದು ದಿನ.

ತೈಸ್ತೊ ಎದ್ದು, ಎಸೆಯುವ ಜಾಗಕ್ಕೆ ಹೋಗಿ, ಅಲ್ಲಿಂದ ಹೆಜ್ಜೆ ಎಣಿಸುತ್ತ ನೇರ ಬೇಲಿಗೇ ಬಂದ. ಅವಳ ಕಡೆ ಬೆನ್ನು ಹಾಕಿ ಬುಟ್ಟಿಯನ್ನು ನೋಡಿದ. "ನಿಂತು ಎಸೆಯೋ ಜಾಗ ಇಲ್ಲಿಗೆ ಬರಬೇಕು."

"ನನ್ನ ಬೇಲಿಗಾ? ದೂರ ಹೋಗಿ ಅಂದ್ರೆ ಇನ್ನೂ ಹತ್ರ ಬರ್ತೀರಲ್ರೀ."

"ಇಲ್ಲಿ ನಿಂತ್ರೆ ನಿಮ್ಮ ತೋಟ ಬೆನ್ನ ಹಿಂದೆ. ಎಂಥಾ ಗಾಳಿ ಬಂದ್ರೂ ತಟ್ಟೆ ಹಿಂದಕ್ಕೆ ಹಾರಲ್ಲ."

ಹಿಲ್ಕಾ ಬೇಲಿಗೆ ಬಗ್ಗಿ, ಅವನ ಭುಜದ ಮೇಲಿಂದ ನೋಡಿದಳು. "ಆ ಎರಡು ಮರ ದಾರಿಗೆ ಸಿಗೋದೇ ಇಲ್ಲ."

"ಇಲ್ಲ."

"ಹಾಗಾದ್ರೆ ಇವತ್ತಿನ ಥರದ್ದು ಇನ್ಯಾರಿಗೂ ಬೀಳಲ್ಲ. ನಿಮಗೂ."

ಈ ಮರಗಳಿಗಾಗಿಯೇ ಅವನು ಈ ಪಾರ್ಕನ್ನು ಆರಿಸಿದ್ದ. ಅವುಗಳ ನಡುವಿನ ಆ ಕಿಂಡಿಯಿಂದ ಶುರುವಾಗಿ ಉಳಿದ ಹದಿನೇಳು ಬುಟ್ಟಿಗಳ ನಕ್ಷೆ ಹುಟ್ಟಿತ್ತು. "ಬೀಳಲ್ಲ," ಎಂದ. "ಗುರುವಾರ ನಾನೇ ಹೇಳ್ತೀನಿ, ಅಳತೆ ತಪ್ಪಿದ್ದು ನಂದೇ ಅಂತ."

ಹಿಲ್ಕಾ ಅವನ ಕೈಯಿಂದ ತಟ್ಟೆ, ಪೆನ್ನು ತೆಗೆದುಕೊಂಡಳು. ರುಜು ಹಾಕಿ, ತಾರೀಕು ಬರೆದು, ಹೊತ್ತನ್ನೂ ಬರೆದಳು. ಆರು ಗಂಟೆ ನಾಲ್ಕು ನಿಮಿಷ.

"ಸರದಿಗೆ ಕಾಯೋರೆಲ್ಲ ಇನ್ನು ಇಲ್ಲೇ ನಿಂತು ಹರಟೆ ಹೊಡೀತಾರೆ ಅನ್ನಿ."

"ಹೊಡೀತಾರೆ."

"ಕಾಫಿ ಕೇಳ್ತಾರಾ?"

"ಕೇಳಲ್ಲ. ಕೊಟ್ರೆ ಬೇಡ ಅನ್ನಲ್ಲ."

ತೈಸ್ತೊ ತಟ್ಟೆಗಳನ್ನು ಬಕೆಟ್ಟಿಗೆ ತುಂಬತೊಡಗಿದ. ಕೊನೆಗೆ ಉಳಿದ ಹಸಿರು ತಟ್ಟೆಯ ತಳದಲ್ಲಿ ಅವಳು ಬರೆದ ತಾರೀಕು ಬಿಟ್ಟರೆ ಏನೂ ಇರಲಿಲ್ಲ.

"ಅದು ಯಾರದು?" ಹಿಲ್ಕಾ ಕೇಳಿದಳು.

"ಹೆಸರಿಲ್ಲ. ಹೆಸರಿಲ್ಲದ್ದು ಸಿಕ್ಕಿದವರಿಗೇ. ನಮ್ಮ ಆಟದಲ್ಲಿ ಹಾಗೆ."

ಪೆನ್ನು ಇನ್ನೂ ಅವಳ ಬಳಿಯೇ ಇತ್ತು. ಹಿಲ್ಕಾ ತಟ್ಟೆ ಇಸಿದುಕೊಂಡು, ಅಂಟಿದ್ದ ಮಣ್ಣನ್ನು ಏಪ್ರನ್ನಿಗೆ ಒರೆಸಿ, ತಾರೀಕಿನ ಮೇಲೆ ತನ್ನ ಹೆಸರು ಬರೆದಳು. ಕೆಳಗೆ ಫೋನ್ ನಂಬರು. ಸಿಕ್ಕವರಿಗೆ ಓದಲು ಕಷ್ಟವಾಗಬಾರದೆಂದು, ಕೊನೆಯ ಅಂಕಿಯನ್ನು ಎರಡು ಸಲ ತಿದ್ದಿದಳು.